ಐದು ಬಣ್ಣದ ತಂತಿ, ಒಂದು ಸಹಿ

ನಗಬೇಕಂತ ನಾನು ಎಲ್ಲೂ ಹುಡುಕ್ಯಾಡಿಕೊಂಡು ಹೋಗೋದಿಲ್ಲ. ಯಾರದರೇ ಮನೀದು ಸ್ವಿಚ್ ಬೋರ್ಡು ಬಿಚ್ಚಿದ್ರ ಸಾಕು, ನಗು ಒಳಗಽ ಕುಂತು ನನ್ನ ದಾರಿ ಕಾಯ್ತಿರ್ತದ. ಒಂದೊಂದು ಸರ್ತಿ ನಗುವಿಗಿಂತ ಮೊದಲು ಕಣ್ಣೀರು ಬರ್ತದ, ಆ ಮಾತು ಬ್ಯಾರೆ.

ವಿಜಯಪುರ ಬಿಟ್ಟು ಪುಣೆಗೆ ಬಂದು ಇಪ್ಪತ್ತಾರು ವರ್ಷ ಆತು. ಲೈಸನ್ಸ್ ಇರೋ ಇಲೆಕ್ಟ್ರಿಕಲ್ ಕಾಂಟ್ರಾಕ್ಟರ್ ನಾನು. ಬಾಯಿ ಸ್ವಲ್ಪ ಜೋರು, ಸಿಟ್ಟು ಮೂಗಿನ ತುದೀಗೆ. ಆದರ ಒಂದು ವಿಷಯದಾಗ ನಾನು ಯಾರ ಮಾತೂ ಕೇಳಾಂವ ಅಲ್ಲ, ಅದು ತಂತಿಯ ಬಣ್ಣ. ಮೂರು ಫೇಸಿಗೆ ಕೆಂಪು, ಹಳದಿ, ನೀಲಿ. ನ್ಯೂಟ್ರಲ್ಲಿಗೆ ಕಪ್ಪು. ಅರ್ಥಿಂಗಿಗೆ ಹಸಿರು. ಮುಗೀತು! ಹತ್ತು ವರ್ಷದ ಮ್ಯಾಲೆ ಯಾವನೋ ಬಂದು ಆ ಡಬ್ಬಿ ಬಿಚ್ಚಿದ್ರ, ಯಾವುದು ಕಡೀತದ, ಯಾವುದು ಕಡೆಯಂಗಿಲ್ಲ ಅನ್ನೋದು ಅವನಿಗೆ ನೋಡಿದ ಕೂಡಲೇ ತಿಳೀಬೇಕು. ಇದನ್ನ ಸಾಲಿ ಹುಡುಗರಿಗೆ ಹೇಳಿದ್ರ ಐದು ನಿಮಿಷದಾಗ ಬಾಯಿಪಾಠ ಮಾಡ್ತಾರ. ದೊಡ್ಡವರಿಗೆ ಹೇಳಿದ್ರ ಮಾತ್ರ, "ನೋಡೋಣು ಬಿಡ್ರಿ" ಅಂತಾರ.

ಹೋದ ವರ್ಷ ಖಡಕಿ ಬಜಾರದ ಹತ್ತಿರ ಒಂದು ಹೊಸ ಹೋಟೆಲ್ಲಿನ ಕೆಲಸ ಹಿಡಿದಿದ್ದೆ. ಮಾಲಕರು ಉಡುಪಿ ಕಡೆಯವರು, ಎಲ್ಲಾರೂ ಅವರಿಗೆ ಅಣ್ಣ ಅಂತಾರ, ನಾನೂ ಹಂಗಽ ಅಂತೀನಿ. ಹಳೇ ಹೋಟೆಲ್ಲಿನ ಜಾಗಾ ಬಿಟ್ಟುಕೊಟ್ಟಾಗಿತ್ತು. ಅಡಗಿ ಭಟ್ಟರು, ಸಪ್ಲಾಯರ್‌ಗಳು ಎಲ್ಲಾ ಊರಿಗೆ ಹೋಗದಽ, ಅಣ್ಣನ್ನ ನಂಬಿ ಕುಂತಿದ್ರು. ವಿದ್ಯುತ್ ತಪಾಸಣಿ ಮಾಡೋ ಸಾಹೇಬ್ರು ಸಹಿ ಹಾಕಿದ್ರ ಮೀಟರು, ಮೀಟರು ಬಂದ್ರ ಹೋಟೆಲ್ಲು. ದೀಪಾವಳಿಯೊಳಗ ಬಾಗಿಲಾ ತೆಗೀದಿದ್ರ ಜಾಗಾ ಬ್ಯಾರೆಯವರಿಗೆ ಕೊಡ್ತೀನಂತ ಕಟ್ಟಡದ ಮಾಲಕ ಹೇಳಿಬಿಟ್ಟಿದ್ದ. ಅಂದ್ರ ಅಣ್ಣನ ಬಾಳೇವು, ನನ್ನ ಮರ್ಯಾದಿ, ಎರಡೂ ಒಂದಽ ಒಂದು ಸಹಿ ಮ್ಯಾಲೆ ಜೋತಾಡ್ತಿದ್ವು. ಈ ಪ್ರಸಂಗಗಳೆಲ್ಲಾ ದೀಪಾವಳಿಗಿಂತ ಮೊದಲಿನ ಎರಡು ತಿಂಗಳಾಗಿನವು.

ಅಜ್ಜಿಯ ಸೀರೆಗಳು

ಹೋಟೆಲ್ಲಿನ ಕೆಲಸ ಶುರು ಆಗೋಕಿಂತ ಒಂದು ವಾರ ಮೊದಲು ಭೋರ್‌ಗೆ ಹೋಗಿದ್ದೆ, ಒಂದು ಹಳೇ ವಾಡೇದ, ಅಂದ್ರ ದೊಡ್ಡ ಮನೀದ, ವೈರಿಂಗ್ ನೋಡ್ಲಿಕ್ಕೆ. ಜೊತಿಗೆ ನಮ್ಮ ವೈರ್‌ಮನ್. ಖಡಕಿಯ ಮರಾಠಿ ಮನುಷ್ಯಾ, ನನ್ನ ಕಡೆ ಹದಿನೈದು ವರ್ಷದಿಂದ ಇದ್ದಾನ. ಕೈ ಬಂಗಾರ, ತಲಿ ಮಾತ್ರ ತನ್ನ ದಾರಿ ತಾನು ಹಿಡೀತದ.

ವಾಡೇದ ಮೀಟರ್ ಹಲಗಿ ನೋಡಿ ನಾನು ಟಾರ್ಚ್ ಹಚ್ಚಿ ಹತ್ರ ಹೋದೆ. ತಂತಿಗೆಲ್ಲಾ ಬಟ್ಟಿ ಸುತ್ತಿದ ಕಾಲದ್ದು. ಒಲಿ ಹೊಗಿ ಕುಡದು ಕುಡದು ಹದಿನಾಲ್ಕು ತಂತಿಗೂ ಒಂದಽ ಬಣ್ಣ, ಮಸಿ ಬಣ್ಣ. ಆದರ ಒಂದೊಂದು ತಂತಿಗೂ ಒಂದೊಂದು ಸೀರಿ ಚೂರು ಕಟ್ಟಿತ್ತು.

"ಪಂಪಿನ ತಂತಿ ಯಾವುದಜ್ಜೀ?" ಅಂತ ಮರಾಠಿಯಾಗ ಕೇಳ್ದೆ.

ಎಂಬತ್ತು ದಾಟಿದ ಅಜ್ಜಿ, ಕುಂತಲ್ಲಿಂದ ಏಳದಽ ಹೇಳಿದ್ಲು: "ಪೈಠಣಿ ಸೀರಿ."

"ದೇವರ ಖೋಲಿ?"

"ಇಲಕಲ್. ನಮ್ಮ ಅತ್ತಿದು. ಮಡಿ."

"ಮತ್ತ ಈ ಜರಿಯ ಚೂರು?"

"ಅದು ಮೇನ್ ಲೈನು. ನನ್ನ ಮದಿವಿ ಶಾಲು. ಸುಮ್ಮಸುಮ್ಮನ ಮುಟ್ಟಬ್ಯಾಡ್ರಿ."

ಟೆಸ್ಟ್ ಮೀಟರು ಹಚ್ಚಿ ಒಂದೊಂದಽ ನೋಡಿದೆ. ಹದಿಮೂರರಾಗ ಒಂದೂ ತಪ್ಪಿಲ್ಲ! ಕಡೀಗೆ ಒಂದು ಉಳೀತು, ಗುಲಾಬಿ ನೈಲಾನ್ ಚೂರು, ಮಿಣಿಮಿಣಿ ಮಿಂಚೋದು. "ಇದು ಯಾವುದಜ್ಜೀ?" ಅಂದೆ.

ಅಜ್ಜಿ ಅಡಗಿಮನಿ ಕಡೆ ಒಮ್ಮೆ ನೋಡಿ ದನಿ ಸಣ್ಣ ಮಾಡಿದ್ಲು. "ಅದು ಬಾಗಲಾ ಗಂಟಿ. ಸೊಸಿ ಸೀರಿ ಕಟ್ಟೀನಿ. ಯಾರು ಬಂದ್ರೂ ಕಿರಚ್ತದ."

ನಾನು ನಕ್ಕು ಬಿಟ್ಟೆ. ನಮ್ಮ ವೈರ್‌ಮನ್ ಮಾತ್ರ ನಗಲಿಲ್ಲ, ಆ ಚೂರುಗಳನ್ನ ಭಾಳ ಹೊತ್ತು ನೋಡ್ಕೋತ ನಿಂತ. ಆವಾಗಽ ನನಗ ಹೆದರಿಕಿ ಆಗಬೇಕಿತ್ತು.

ಗುರುಬಲದ ಹಳದಿ

ಹೋಟೆಲ್ಲಿನಾಗ ತಂತಿ ಹಾಯೋ ಪೈಪು ಕೂಡಿಸಿ, ಯಾವ ಬಣ್ಣದ ತಂತಿ ಎಷ್ಟು ಬೇಕಂತ ಚೀಟಿ ಬರದು ಅಣ್ಣನ ಕೈಯಾಗ ಕೊಟ್ಟೆ. ಆ ವಾರ ಕುರಕುಂಭದಾಗ ಒಂದು ಕೆಮಿಕಲ್ ಕಾರಖಾನಿಯ ಕೆಲಸ ಇತ್ತು, ಅಲ್ಲಿಗೆ ಹೋದೆ. ತಪಾಸಣಿ ದಿವಸ ಮುಂಜಾನೆ ತಿರುಗಿ ಬಂದು, ಎಲ್ಲಾ ತಂತಿ ಬಂದು ಸೇರೋ ಪ್ಯಾನೆಲ್ಲಿನ ಬಾಗಲಾ ತಗೀತೀನಿ, ಎಲ್ಲಾ ಹಳದಿ! ಫೇಸು ಹಳದಿ, ನ್ಯೂಟ್ರಲ್ ಹಳದಿ, ಅರ್ಥಿಂಗೂ ಹಳದಿ. ಚಿತ್ರಾನ್ನ ತುಂಬಿಟ್ಟಂಗ ಕಾಣ್ತಿತ್ತು.

ಅಣ್ಣನಿಗೆ ಅವರ ಜೋಯಿಸರು ಹೇಳಿದ್ರಂತ: ಈ ವರ್ಷ ಗುರುಬಲ ಬೇಕು, ಹಳದಿ ಹೆಚ್ಚು ಬಳಸ್ರಿ, ಕಪ್ಪಂತೂ ಒಳಗ ತರಲೇಬ್ಯಾಡ್ರಿ. ಜೋಯಿಸರು ಹೇಳಿದ್ದು ಗ್ವಾಡಿಗೆ, ಪರದೆಗೆ. ಅಣ್ಣ ಭಕ್ತಿಯಿಂದ ತಂತಿಗೂ ಹಚ್ಚಿಬಿಟ್ಟಿದ್ರು.

"ನೀನರೇ ಹೇಳಬಾರದೇನೋ?" ಅಂತ ವೈರ್‌ಮನ್‌ಗೆ ಒದರಿದೆ. "ಶೇಠ್ ತಂದ್ರು, ನಾನು ಎಳದೆ" ಅಂದ ಪುಣ್ಯಾತ್ಮಾ.

ಅಷ್ಟರಾಗ ಸಾಹೇಬ್ರು ಬಂದ್ರು. ಸಣಕಲು ಮನುಷ್ಯಾ, ದಪ್ಪ ಚಷ್ಮಾ, ಇಸ್ತ್ರಿ ಮಾಡಿದ ಬಿಳೀ ಅಂಗಿ. ಚಾ ಬ್ಯಾಡ, ನೀರೂ ಬ್ಯಾಡ. ಪ್ಯಾನೆಲ್ ನೋಡಿದ್ರು, "ಸಗಳಂ ಪಿವಳಂ" ಅಂದ್ರು, ಎಲ್ಲಾ ಹಳದಿ ಅಂತ. ನಾಪಾಸು ಅಂತ ಬರದು ಹೋದ್ರು. ಎರಡು ನಿಮಿಷದ ಕೆಲಸ.

ನಾನು ಅಣ್ಣನ ಮ್ಯಾಲೆ ಹರಿಹಾಯ್ದೆ. ಅಣ್ಣಗೂ ಸಿಟ್ಟು ಬಂತು.

"ಎಂತ ಮಾರಾಯ್ರೆ, ಎಲ್ಲ ತಂತಿಯಲ್ಲಿ ಹೋಗುವುದು ಅದೇ ಕರೆಂಟಲ್ವಾ? ಬಣ್ಣ ಯಾವುದಾದರೆ ಏನು?"

"ಹಂಗೋ? ನಿಮ್ಮ ಅಡಗಿಮನ್ಯಾಗ ಉಪ್ಪೂ ಬೆಳ್ಳಗದ, ಸಕ್ರೀನೂ ಬೆಳ್ಳಗದ. ಡಬ್ಬಿ ಮ್ಯಾಲೆ ಹೆಸರು ಯಾಕ ಬರೀತೀರಿ?"

"ನಾವೆಲ್ಲಿ ಬರೀತೇವೆ? ನಮ್ಮ ಭಟ್ಟರು ನಾಲಿಗೆಗೆ ಹಚ್ಚಿ ನೋಡ್ತಾರೆ."

"ಹಂಗಾದ್ರ ಕರೀರಿ ನಿಮ್ಮ ಭಟ್ಟರನ್ನ" ಅಂದೆ, "ಈ ತಂತೀನೂ ಅವರಽ ನಾಲಿಗಿ ಹಚ್ಚಿ ನೋಡ್ಲಿ!"

ಹಿಂದ ಪಾತ್ರಿ ಜೋಡಸ್ಲಿಕ್ಕೆ ಹತ್ತಿದ್ದ ಭಟ್ಟರು, ಕೈಯಾಗಿನ ಸೌಟು ಅಲ್ಲೇ ಬಿಟ್ಟು ಹಿತ್ತಲ ಬಾಗಲದಿಂದ ಹೋಗಿಬಿಟ್ರು. ಸಂಜಿತನಕ ಬರಲಿಲ್ಲ.

ಟಿಕಳಿ

ಎಳದ ತಂತಿ ಎಲ್ಲಾ ಕಿತ್ತು ಹಾಕೋದಂದ್ರ ಅಣ್ಣನ ಮುಖ ನೋಡೋಹಂಗ ಇರಲಿಲ್ಲ. ಅದಕ್ಕ ನಾನು ಒಂದು ಉಪಾಯ ಮಾಡ್ದೆ. ತಂತಿಯ ಎರಡೂ ತುದೀಗೆ ಅಂಗಿ ತೋಳಿನಂಗ ಬಣ್ಣದ ಸಣ್ಣ ಪ್ಲಾಸ್ಟಿಕ್ ತೋಳು ತೊಡಸ್ತೀವಿ, ಗುರುತು ಸಿಗ್ತದ, ನೋಡ್ರಿ ಅಂತ ಸಾಹೇಬ್ರಿಗೆ ಫೋನ್ ಮಾಡಿ ಕೇಳ್ಕೊಂಡೆ. "ಬಂದು ನೋಡ್ತೀನಿ" ಅಂದ್ರು. ಬಂದು ನೋಡೋದಂದ್ರ ಹೌದು ಅಂತನೂ ಅಲ್ಲ, ಇಲ್ಲ ಅಂತನೂ ಅಲ್ಲ. ಎಲ್ಲಾ ತುದೀಗೂ ತೋಳು ತೊಡಸು ಅಂತ ವೈರ್‌ಮನ್‌ಗೆ ಹೇಳಿ, ಅವನ ಮ್ಯಾಲೆ ನಂಬಿಕಿ ಇಟ್ಟು ಮನಿಗೆ ಹೋದೆ. ಅದು ನನ್ನ ತಪ್ಪು.

ಅಂಗಡ್ಯಾಗ ಕೆಂಪು ತೋಳು ಇದ್ದುವಂತ, ನೀಲಿ ಇರಲಿಲ್ಲಂತ, ಹಸಿರು ನಾಳಿ ಬರ್ತದಂತ. ನಮ್ಮಾಂವ ತಲಿ ಓಡಿಸಿದ. ಭೋರದ ಅಜ್ಜಿ ಸೀರಿ ಚೂರು ಕಟ್ಟಬಹುದಂದ್ರ ತಾನು ಯಾಕ ಏನರೇ ಹಚ್ಚಬಾರದು? ಅಣ್ಣನ ಹೆಂಡ್ತಿ ಹತ್ರ ಹೋಗಿ, ಹಣಿಗೆ ಹಚ್ಚೋ ಟಿಕಳಿ ಪಾಕೀಟು ಇಸಕೊಂಡು ಬಂದ. ಕೆಂಪು, ಹಳದಿ, ನೀಲಿ, ಕಪ್ಪು, ಹಸಿರು, ಐದೂ ಬಣ್ಣದವು ಆ ತಾಯಿ ಹತ್ರ ಇದ್ವು! ನೀಲಿ ಮಾತ್ರ ಮದಿವಿಗೆ ಹಚ್ಕೊಳ್ಳೋವು, ನಡುವ ಹರಳು ಇರೋವು.

ಮರುದಿನ ಸಾಹೇಬ್ರು ಬಂದು ಪ್ಯಾನೆಲ್ ತಗದ್ರು. ಒಳಗ ಇನ್ನೂರು ಟಿಕಳಿ. ಕಿಡಕಿಯಿಂದ ಬಿಸಿಲು ಬಿದ್ದು ಹರಳೆಲ್ಲಾ ಝಗಝಗ ಅಂದ್ವು. ನಾನು ನೋಡಿದ್ದೂ ಆವಾಗಽ.

ಸಾಹೇಬ್ರು ಬಗ್ಗಿ ನೋಡಿದ್ರು. ಒಂದು ನೀಲಿ ಟಿಕಳಿ ಮ್ಯಾಲೆ ಬೆರಳಿಟ್ಟು ಒತ್ತಿದ್ರು, ಅದು ಕಿತ್ತು ಬಂತು. ಎಲ್ಲಿ ಹೋತು ಅಂತ ತಳಗ ನೋಡಿದ್ರು, ಕಾಣಲಿಲ್ಲ. ಸೆಕಿ ಭಾಳ ಇತ್ತು, ಹಣಿ ಬೆವರು ಒರಸ್ಕೊಂಡ್ರು. ಬೆರಳಿಗೆ ಅಂಟಿದ್ದ ಆ ನೀಲಿ ಹರಳಿನ ಟಿಕಳಿ, ಎರಡು ಹುಬ್ಬಿನ ನಟ್ಟನಡುವ ಹೋಗಿ ಕುಂತಿತು.

ಹಂಗಽ ನಿಂತು ನಮಗ ಮರಾಠಿಯಾಗ ಝಾಡಿಸಿದ್ರು ನೋಡ್ರಿ, ಹತ್ತು ನಿಮಿಷ! ಇದು ವೈರಿಂಗೋ, ಅರಿಷಿಣ ಕುಂಕುಮದ ಕಾರ್ಯಕ್ರಮವೋ? ತಂತಿ ಎಲ್ಲಾ ಬದಲಿ ಮಾಡ್ರಿ, ದಸರಾದ ಮರುದಿನ ಬರ್ತೀನಿ, ಅದಽ ಕಡೀ ಸರ್ತಿ, ಆಮ್ಯಾಲೆ ಆರು ವಾರ ನಾನು ಟ್ರೇನಿಂಗಿಗೆ ಹೋಗ್ತೀನಿ ಅಂದ್ರು. ಬೈಯುವಾಗ ಹುಬ್ಬು ಏರಿಳಿದಂಗೆಲ್ಲಾ ಹರಳು ಮಿಂಚ್ತಿತ್ತು. ನಾನು ನೆಲಾ ನೋಡ್ಕೋತ ನಿಂತಿದ್ದೆ, ಸಾಹೇಬ್ರು ಅದನ್ನ ಪಶ್ಚಾತ್ತಾಪ ಅಂತ ತಿಳಕೊಂಡ್ರು.

ಹೇಳೋ ಧೈರ್ಯ ಯಾರಿಗೂ ಆಗಲಿಲ್ಲ. ಅವರು ಹಂಗಽ ಸ್ಕೂಟರ್ ಹತ್ತಿ ಖಡಕಿ ಬಜಾರ ಹಾಯ್ದು ಹೋದ್ರು. "ಸಾಹೇಬ್ರು ನೀಲಿ ಫೇಸಿನ್ಯಾಗ ಅದಾರ" ಅಂದ ವೈರ್‌ಮನ್. ಅವನ್ನ ಹೊಡೀಬೇಕಂತ ಓಡಿದೆ, ನಗು ಬಂದು ಅರ್ಧಕ್ಕ ಕುಂತುಬಿಟ್ಟೆ.

ಲಕ್ಷ್ಮೀ ರಸ್ತೆಯಾಗ

ನಗು ಇಳದ ಮ್ಯಾಲೆ ದಿನದ ಲೆಕ್ಕಾ ಹಾಕಿದೆ. ಒಂದಽ ಅವಕಾಶ ಉಳದಿತ್ತು. ಅಣ್ಣ ರಾತ್ರಿ ಊಟ ಬಿಟ್ಟಿದ್ರಂತ. ಎಲ್ಲಾ ತಂತಿ ಕಿತ್ತು, ಐದೂ ಬಣ್ಣ ನಾನಽ ಮುಂದ ನಿಂತು ಎಳಸಿದೆ. ಎಂಟು ದಿನ ಕಣ್ಣಾಗ ಬರೇ ಕೆಂಪು, ಹಳದಿ, ನೀಲಿ.

ಅದರ ನಡುವ ದಸರಾಕ್ಕ ಸೀರಿ ಅಂತ ಹೆಂಡ್ತಿ ನನ್ನ ಲಕ್ಷ್ಮೀ ರಸ್ತೆಗೆ ಎಳಕೊಂಡು ಹೋದ್ಲು. ಅಂಗಡಿಯಾಂವ ಒಂದು ಕೆಂಪು ಸೀರಿ ಬಿಚ್ಚಿ ಹಾಸಿದ. ಅಕಿ ಕೈ ಚಾಚಿದ್ಲು. ನನಗ ಏನಾತೋ ಏನೋ, "ಮುಟ್ಟಬ್ಯಾಡ, ಲೈವ್ ಅದ!" ಅಂತ ಒದರಿಬಿಟ್ಟೆ. ಅಂಗಡಿ ತುಂಬ ಹೆಣ್ಣುಮಕ್ಕಳು, ಎಲ್ಲಾರೂ ಕೈ ಹಿಂದ ತಗೊಂಡ್ರು.

ಹೆಂಡ್ತಿ ನನ್ನ ಮುಖ ನೋಡಿದ್ಲು. ಮುಚ್ಚಿಕೊಳ್ಳಬೇಕಲ್ಲಾ, "ಹಸಿರು ತಗೋ" ಅಂದೆ, "ಅರ್ಥಿಂಗಿನ ಬಣ್ಣ, ಅದರಷ್ಟು ಸೇಫ್ ಯಾವುದೂ ಇಲ್ಲ."

"ಮದಿವಿ ಆದಾಗಿಂದ ನಾನಽ ಅರ್ಥಿಂಗ್ ಆಗೀನಿ" ಅಂದ್ಲು ಅಕಿ. "ಊರ ಮಂದಿ ಮ್ಯಾಲಿನ ಸಿಟ್ಟೆಲ್ಲಾ ತಂದು ನನ್ನ ತಲಿ ಮ್ಯಾಲಽ ಇಳಸ್ತೀರಿ. ಈ ವರ್ಷ ನನಗ ಕೆಂಪಽ ಬೇಕು."

ಕೆಂಪಽ ತಗೊಂಡ್ವಿ. ಅದರ ಹತ್ರ ಹೋಗುವಾಗ ಇನ್ನೂ ನನಗ ಸ್ವಲ್ಪ ಅಂಜಿಕಿ.

ದಸರಾದ ಮರುದಿನ

ದಸರಾದ ಹಿಂದಿನ ದಿನ ಕೆಲಸ ಮುಗೀತು. ಪ್ಯಾನೆಲ್ ಅಂದ್ರ ಪ್ಯಾನೆಲ್, ನೋಡಿದ್ರ ಕಣ್ಣು ತಣ್ಣಗಾಗಬೇಕು! ಅಡಗಿಮನಿ ಗ್ವಾಡ್ಯಾಗಿನ ದೊಡ್ಡ ಎಕ್ಸಾಸ್ಟ್ ಫ್ಯಾನೂ ಕೂಡಿಸಿದ್ವಿ. ಅದರ ಮೂರು ತಂತಿ ಪ್ಯಾನೆಲ್ಲಿಗೆ ಜೋಡಸೋದಷ್ಟಽ ಬಾಕಿ ಇಟ್ಟು, ಹಬ್ಬಕ್ಕ ಮನಿಗೆ ಹೋದೆ. ದಸರಾದ ಮರುದಿನ ಹನ್ನೊಂದಕ್ಕ ಸಾಹೇಬ್ರು ಬರಬೇಕು. ಅವತ್ತು ಹತ್ತೂವರಿಗೆ ನಾನು ಹೋಗಿ ಪ್ಯಾನೆಲ್ಲಿನ ಬಾಗಲಾ ತಗದೆ.

ಯವ್ವಾ! ದಸರಾದ ದಿನ, ಮಹಾರಾಷ್ಟ್ರದ ಪದ್ಧತಿಯಂಗ, ಆಯುಧ ಪೂಜಿ ಆಗಿತ್ತು. ಈ ಕಡೆ ಪೂಜಿ ಅಂದ್ರ ಗಾಡಿ, ಸುತ್ತಿಗಿ, ತಕ್ಕಡಿ ಯಾವುದೂ ಬಿಡೋದಿಲ್ಲ, ಅದು ಗೊತ್ತಿದ್ದಿದ್ದಽ. ಆದರ ಎರಡು ಸರ್ತಿ ನಾಪಾಸಾದ ಪ್ಯಾನೆಲ್ಲು, ದೇವರ ಕೃಪಾ ಸ್ವಲ್ಪ ಹೆಚ್ಚಿಗಿ ಬೇಕಂತ ಭಟ್ಟರು ಹೊರಗ ಪೂಜಿ ಮಾಡಿ ಸುಮ್ಮನಾಗಿರಲಿಲ್ಲ. ಬಾಗಲಾ ತಗದು ಒಂದೊಂದು ತಂತಿಗೂ ಅರಿಷಿಣದ ನೀರು ಬಳದು, ಮ್ಯಾಲೆ ಕುಂಕುಮ ಇಟ್ಟಿದ್ರು. ಕರೆಂಟ್ ಇನ್ನೂ ಇರಲಿಲ್ಲ, ಅದಕ್ಕ ಭಟ್ಟರು ಉಳದಿದ್ರು. ಕೆಂಪು ತಂತಿ ಹಳದಿ, ನೀಲಿ ತಂತಿ ಹಳದಿ, ಕಪ್ಪೂ ಹಳದಿ. ಫ್ಯಾನಿನ ರೆಕ್ಕಿಗೂ ಮುಷ್ಟಿಗಟ್ಟಲೆ ಭಂಡಾರದ ಅರಿಷಿಣ ಪುಡಿ, ಕುಂಕುಮ, ಚೆಂಡು ಹೂವು.

"ಅಣ್ಣಾ!" ಅಂತ ಚೀರಿದೆ. ಅಣ್ಣ ಬಂದು ನೋಡಿ ಅಲ್ಲೇ ಖುರ್ಚಿ ಮ್ಯಾಲೆ ಕುಸದ್ರು. "ಇನ್ನು ನಾನು ಊರಿಗೆ ಹೋಗುವುದೇ ಮಾರಾಯ್ರೆ" ಅಂದ್ರು. ಅವರ ಕಣ್ಣಾಗ ನೀರು.

ಹಸಿ ಬಟ್ಟಿ ತಗೊಂಡು ಒರಸ್ಲಿಕ್ಕೆ ನಿಂತೆ. ಗಡಬಡಿಯಾಗ ಒರಸಿದ್ರ ಅರಿಷಿಣ ಹೋಗ್ತದೇನು? ಇನ್ನೂ ಹರಡಿತು. ಹತ್ತು ನಿಮಿಷ ಉಳದಿತ್ತು, ಫ್ಯಾನಿನ ಮೂರು ತಂತಿ ಜೋಡಸಬೇಕಿತ್ತು. ಕೆಂಪು ಕೆಂಪಿಗೆ, ಹಳದಿ ಹಳದಿಗೆ ಅಂತ ನೋಡಿ ನೋಡಿ ಜೋಡಸಿದೆ. ಅಷ್ಟರಾಗ ಸ್ಕೂಟರ್ ಸಪ್ಪಳ.

ಸಾಹೇಬ್ರು ಬಂದು ಪ್ಯಾನೆಲ್ ಮುಂದ ನಿಂತ್ರು. ಕಿಸೇಕ್ಕ ಕೈ ಹಾಕಿ ಪೆನ್ನು ತಗದ್ರು. ಮತ್ತ ನಾಪಾಸು ಬರೀತಾರಂತ ನನ್ನ ಸಿಟ್ಟು ನೆತ್ತಿಗೇರಿತು. ಪುಣೆಯಾಗ ನಾವು ಕನ್ನಡದವ್ರಿಗೆ ಒಂದು ಚಟ ಅದ. ಎದುರಿಗೆ ಇದ್ದಾಂವ ಮರಾಠಿ ಅಂತ ಖಾತ್ರಿ ಆದ್ರ ಸಾಕು, ಅವನ ಮುಂದಽ ಅವನ್ನ ಕನ್ನಡದಾಗ ಬೈದು ಹಗುರಾಗೋದು.

"ಅಣ್ಣಾ" ಅಂದೆ, ಮುಖದ ಮ್ಯಾಲೆ ನಗು ಇಟ್ಟುಕೊಂಡು, "ಈ ಹುಳಿ ಮಾರಿಗೆ ಎರಡು ಚಮಚ ಸಿಹಿ ಶಿರಾ ತಿನಸ್ರಿ. ಹುಟ್ಟಿದಾಗ ಇವನ ಬಾಯಾಗ ಜೇನು ಬದಲಿ ಹುಣಸಿಹಣ್ಣು ಇಟ್ಟಾರ."

ಅಣ್ಣಾನೂ ನಗುನಗುತ್ತಾ, "ಮೂರು ಸಲ ಬಂದ ಮಾರಾಯ್ರೆ, ಒಂದು ಲೋಟ ನೀರು ಕುಡಿಯಲಿಲ್ಲ. ಇದು ಮನುಷ್ಯನಾ, ಟೆಸ್ಟರಾ?" ಅಂದ್ರು.

ಸಾಹೇಬ್ರ ಮುಖದಾಗ ಒಂದು ಗೆರಿ ಅಲುಗಲಿಲ್ಲ. ಬಣ್ಣ ಕಾಣವಲ್ಲದು ಅಂದ್ರ ಮೋಟಾರ್ ತಿರುಗಿಸಿ ನೋಡೋಣು ಅಂತ ಮರಾಠಿಯಾಗ ಹೇಳಿದ್ರು. ಮೂರು ಫೇಸು ಸರಿಯಾಗಿ ಜೋಡಸಿದ್ರ ಎಕ್ಸಾಸ್ಟ್ ಹೊಗಿ ಹೊರಗ ಹಾಕ್ತದ. ಎರಡು ಅದಲಿಬದಲಿ ಆಗಿದ್ರ ಉಲ್ಟಾ ತಿರುಗಿ ಒಳಗ ಊದ್ತದ. ಹೋಗಿ ಫ್ಯಾನಿನ ಎದುರಿಗೆ, ಮೂರು ಫೂಟು ದೂರ, ಕತ್ತು ಎತ್ತಿ ನಿಂತ್ರು. ತಪಾಸಣಿಗಂತ ಬಾಡಿಗಿಗೆ ತಂದಿದ್ದ ಜನರೇಟರ್ ವೈರ್‌ಮನ್ ಶುರು ಮಾಡಿದ. ನಾನು ದೇವರನ್ನ ನೆನಸಿ ಬಟನ್ ಒತ್ತಿದೆ.

ಇಪ್ಪತ್ತಾರು ವರ್ಷ ಊರಿಗೆಲ್ಲಾ ಬಣ್ಣದ ಪಾಠ ಹೇಳಿದಾಂವ ನಾನು, ಅರಿಷಿಣ ಮೆತ್ತಿದ ಕೆಂಪು ತಂತೀನ್ನ ಹಳದಿ ಅಂತ, ಕುಂಕುಮ ಮೆತ್ತಿದ ಹಳದೀನ್ನ ಕೆಂಪು ಅಂತ ಜೋಡಸಿದ್ದೆ.

ಫ್ಯಾನು ಉಲ್ಟಾ ತಿರುಗಿತು. ಭಂಡಾರ, ಕುಂಕುಮ, ಚೆಂಡು ಹೂವು, ಎಲ್ಲಾ ಒಂದಽ ಸರ್ತಿ ಧಬಲ್ ಅಂತ ಸಾಹೇಬ್ರ ಮ್ಯಾಲೆ! ಬಿಳೀ ಅಂಗಿ ಹೋತು, ಚಷ್ಮಾ ಹೋತು, ಮುಖಾನೂ ಹೋತು. ಆ ಹಳದಿ ಮೋಡದೊಳಗಿಂದ ಒಂದು ದನಿ ಬಂತು:

"ಅಯ್ಯಯ್ಯೋ ಯವ್ವಾ! ಕಣ್ಣಾಗ ಹೋತಲೇ! ಬಂದ್ ಮಾಡ್ರೋ, ನಿಮ್ಮ...!"

ಬಟನ್ ಆರಿಸಿದೆ. ಫ್ಯಾನು ನಿಂತಿತು. ಆವಾಗ ತಲೀಗೆ ಹೊಳೀತು, ಬಂದ ದನಿ ಮರಾಠಿ ಅಲ್ಲ. ಸೋಸಿದ ವಿಜಯಪುರದ ಕನ್ನಡ! ಅಣ್ಣ ಖುರ್ಚಿ ಹಿಡಕೊಂಡ್ರು. ನಾನು ಎರಡು ಹೆಜ್ಜಿ ಮುಂದ ಹೋದೆ.

"ಸಾಹೇಬ್ರಽ... ನೀವು ಕನ್ನಡದವ್ರೇನ್ರಿ?"

"ಅವ್ವ ವಿಜಯಪುರ ಜಿಲ್ಲಾದ ಇಂಡಿ ಊರಾಕಿ, ಅಪ್ಪ ಸೊಲ್ಲಾಪುರದಾಂವ" ಅಂದ್ರು ಸಾಹೇಬ್ರು, ಚಷ್ಮಾ ಒರಸ್ಕೋತ. "ಮನ್ಯಾಗ ಬರೇ ಕನ್ನಡಽ."

"ಮತ್ತ ಇಷ್ಟು ದಿನ ಒಂದು ಮಾತರೇ ಕನ್ನಡದಾಗ ಆಡಬಾರದೇನ್ರಿ?"

"ಆಡಿದ್ರ ಏನಾಗ್ತಿತ್ತು ಗೊತ್ತದ ನನಗ. ಮೊದಲನೇ ದಿನಽ 'ನಮ್ಮೂರ ಕಡೆಯವ್ರು' ಅಂತ ಹೆಗಲ ಮ್ಯಾಲೆ ಕೈ ಹಾಕಿ, ಎಲ್ಲಾ ಹಳದೀನಽ ಪಾಸ್ ಮಾಡಿಸ್ಕೋತಿದ್ರಿ."

ಏನಂತೀರಿ? ನೂರಕ್ಕ ನೂರು ಖರೆ ಮಾತು. ನಾನು ಕೈ ಮುಗದೆ.

ಸಾಹೇಬ್ರು ತಮ್ಮ ಕರಚೀಫು ಹಸಿ ಮಾಡಿ, ಪ್ಯಾನೆಲ್ ಮುಂದ ನಿಂತು ಒಂದೊಂದಽ ತಂತಿ ತಾವಽ ಒರಸಿದ್ರು. ಸಾವಕಾಶ, ಕೂಸಿನ ಮುಖ ಒರಸಿದಂಗ. ತಳಗ ಕೆಂಪು ಕಾಣ್ತು. ಹಳದಿ ಕಾಣ್ತು. ನೀಲಿ, ಕಪ್ಪು, ಹಸಿರು, ಎಲ್ಲಾ ಇದ್ದಲ್ಲೇ ಇದ್ವು. ಫ್ಯಾನಿನ ಎರಡು ತಂತಿ ನಾನು ಅದಲಿಬದಲಿ ಮಾಡಿದೆ. ಮತ್ತ ಬಟನ್ ಒತ್ತಿದ್ರ ಗಾಳಿ ಸರಳ ಹೊರಗ ಹೋತು. ಎಲ್ಲಾ ಪರೀಕ್ಷಾ ಮುಗಿಯೋತನಕ ಒಂದೂವರಿ ತಾಸು ನಿಂತ್ರು, ಮೈತುಂಬ ಅರಿಷಿಣ ಮೆತ್ಕೊಂಡು, ಮದುಮಗನಂಗ.

ಭಟ್ಟರು ಓಡಿ ಹೋಗಿ ಒಂದು ಬಟ್ಟಲ ಬಿಸಿ ಶಿರಾ ತಂದು ಹಿಡದ್ರು. "ಈಗಲ್ಲ" ಅಂದ್ರು ಸಾಹೇಬ್ರು. ಸಾಹೇಬ್ರು ಕಾಗದ ತಗದು ಪ್ಯಾನೆಲ್ಲಿನ ಮ್ಯಾಲೆ ಇಟ್ಟು, ಮೂರು ಸರ್ತಿ ಓದಿ, ಸಹಿ ಹಾಕಿದ್ರು. ಅಣ್ಣ ಖುಷಿಗೆ ಹೋ ಅಂತ ಅತ್ತುಬಿಟ್ರು.

ಸಾಹೇಬ್ರು ಪೆನ್ನಿನ ಟೊಪಗಿ ಹಾಕಿ ಕಿಸೇಕ್ಕ ಸೇರಿಸಿ, ಖುರ್ಚಿ ಎಳಕೊಂಡು ಕುಂತ್ರು. ನನ್ನ ಮುಖ ನೋಡಿ, ಒಂದೀಟೂ ನಗದಽ ಅಂದ್ರು:

"ಹೂಂ, ಈಗ ತರ್ರಿ ಆ ಎರಡು ಚಮಚ ಶಿರಾ. ಮಾರಿ ಭಾಳ ಹುಳಿ ಅದಽಲ್ಲ, ಸಕ್ರಿ ಸ್ವಲ್ಪ ಜಾಸ್ತಿ ಇರ್ಲಿ."